ಕಲ್ಲುತೊಟ್ಟಿಯ ಅಧ್ಯಾಯ

ಜುಲೈ 14, 2003, ಸೋಮವಾರ

ಹೊಸ ಹಸ್ತಪ್ರತಿ ಬಂದಿದೆ. ಆತ್ಮಕಥೆಯಂತೆ. ನಮ್ಮ ಮುದ್ರಣಾಲಯಕ್ಕೆ ಆತ್ಮಕಥೆಗಳು ಹೊಸತಲ್ಲ. ಜಯನಗರದಲ್ಲಿ ನಿವೃತ್ತರಾದವರೆಲ್ಲ ಒಂದೊಂದು ಬರೆದಿದ್ದಾರೆ, ಎಷ್ಟೋ ಎಂಜಿನಿಯರುಗಳ ಬಾಲ್ಯದ ಕರಡು ತಿದ್ದಿ ತಿದ್ದಿ ನನ್ನ ಕಣ್ಣು ಮಂಜಾಗಿದೆ. ಇದು ಬೇರೆ ಥರ. ಮಾಲೀಕರಾದ ಚಿನ್ನಪ್ಪನವರು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಸತ್ಯಭಾಮಾ, ಇದನ್ನ ನೀನೇ ನೋಡಮ್ಮ. ಕಾಗುಣಿತ ಸ್ವಲ್ಪ ಹದಗೆಟ್ಟಿದೆ" ಎಂದು ನನ್ನ ಮುಖ ನೋಡದೆ ಒಳಗೆ ಹೋದರು.

ಬರೆದ ಆಸಾಮಿ ಬಾಗಿಲಲ್ಲೇ ನಿಂತಿತ್ತು. ಹೆಸರು ಚೈತ್ರ. ಬಿಟಿಎಂ ಲೇಔಟಿನಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುವ ಅಂಗಡಿ ಇದೆಯಂತೆ. ವಯಸ್ಸು ಮೂವತ್ತರ ಆಸುಪಾಸು. ಕತ್ತರಿಸಿದ ಕೂದಲು, ಕಿವಿಯಲ್ಲಿ ಓಲೆ, ಇಸ್ತ್ರಿ ಮಾಡಿದ ಗಂಡಸರ ಅಂಗಿ, ಉಗುರಲ್ಲಿ ಹಳದಿ ಪೇಂಟು. ಗಂಡೋ ಹೆಣ್ಣೋ ತಿಳಿಯಲಿಲ್ಲ. ಓದಿದರೆ ತಿಳಿದೀತು ಎಂದುಕೊಂಡೆ. ಮೊದಲ ಪುಟದಲ್ಲೇ ಹೀಗಿದೆ: "ನಾನು ಹುಟ್ಟಿದಾಗ ಸೂಲಗಿತ್ತಿ ಏನೆಂದು ಕೂಗಿದಳೋ ಅದನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಅವಳು ಕೂಗಿದ್ದೂ ನಾನಲ್ಲ, ಕೂಗದೆ ಬಿಟ್ಟದ್ದೂ ನಾನಲ್ಲ."

ಎಂಥ ಅಹಂಕಾರ! ಓದುಗರು ಮೊದಲು ಕೇಳುವುದೇ ಅದನ್ನು.

ಎಡಗೈ ಮಣಿಕಟ್ಟು ಊದಿದೆ. ಕುಕ್ಕರಿನ ಮುಚ್ಚಳ ತಗುಲಿತು. ಮನೆಯಲ್ಲಿ ಕೂತು ಬರೆಯುವ ಹಾಗಿಲ್ಲವಾದ್ದರಿಂದ ಇದನ್ನೆಲ್ಲ ಇಲ್ಲೇ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಜುಲೈ 22, ಮಂಗಳವಾರ

ಅಂಜನಾಪುರ ಇನ್ನೂ ರಾಗಿ ಹೊಲವಾಗಿದ್ದ ಕಾಲದ ಕಥೆ. ಆಸಾಮಿ ತನ್ನನ್ನು ತಾನು ಪುಸ್ತಕದುದ್ದಕ್ಕೂ "ಮಗು" ಎಂದೇ ಕರೆದುಕೊಂಡಿದೆ. ಮಗು ಎದ್ದಿತು, ಮಗು ಶಾಲೆಗೆ ಹೋಯಿತು. ಆರು ವರ್ಷಕ್ಕೆ ಸರಿ. ಹದಿನಾಲ್ಕು ವರ್ಷವಾದ ಮೇಲೂ ಮಗುವೇ? ಅವಕ್ಕೆಲ್ಲ ಕೆಂಪು ಗೆರೆ ಎಳೆದಿಟ್ಟಿದ್ದೆ. ಇಂದು ಬಂದಾಗ ತೋರಿಸಿದೆ.

"ಇದೊಂದು ಬಿಟ್ಬಿಡಿ ಮೇಡಂ" ಎಂದಿತು. "ಮಗು ಅಂದ್ರೆ ಯಾರೂ ಏನೂ ಕೇಳಲ್ಲ. ಬೆಳೆದ್ಮೇಲೆ ತಾನೆ ಎಲ್ರೂ ಕೇಳೋಕ್ ಶುರು ಮಾಡೋದು?"

"ಓದುಗರಿಗೆ ಗೊಂದಲ ಆಗುತ್ತೆ."

"ಆಗ್ಲಿ ಮೇಡಂ. ನಂಗೂ ಆಗಿತ್ತು."

ಇಂಥ ಪುಸ್ತಕ ಬರೆಯುವ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದೆ. ಫುಟ್‌ಪಾತಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತಂತೆ. ಗಂಡೂ ಆಗಲೊಲ್ಲದ, ಹೆಣ್ಣೂ ಆಗಲೊಲ್ಲದ ಯಾರೋ ಅಮೆರಿಕದವರು ತಮ್ಮ ಬಾಲ್ಯದ ಬಗ್ಗೆ ಬರೆದದ್ದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದ್ದಂತೆ. "ಚೆನ್ನಾಗೇ ಇತ್ತು ಮೇಡಂ. ಆದ್ರೆ ಅದ್ರಲ್ಲಿ ಹಿಮ ಬೀಳುತ್ತೆ. ಅಪ್ಪ ಅಮ್ಮ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತಾರೆ. ನಮ್ಮನೇಲಿ ಇದ್ದಿದ್ದು ದನ ಕಟ್ಟೋ ಗೂಟ. ಗೂಟದ್ದೂ ಒಂದು ಪುಸ್ತಕ ಇರ್ಲಿ ಅಂತ."

ಎರಡನೆಯ ಅಧ್ಯಾಯದಲ್ಲಿ ಅಪ್ಪ ಚಿಕ್ಕಬೈರಪ್ಪ ಮಗುವಿಗೆ ಬರೆ ಎಳೆಯುತ್ತಾನೆ. ಮಗು ಅಣ್ಣನ ಚಡ್ಡಿ ತೊಟ್ಟು ಅಮ್ಮನ ಬಳೆ ಹಾಕಿಕೊಂಡಿತ್ತು. ಯಾವುದಾದರೂ ಒಂದನ್ನು ಬಿಡು ಎಂದರೆ ಬಿಡಲಿಲ್ಲ. ಒಲೆಯಲ್ಲಿ ಕಾಯಿಸಿದ ಕುಡುಗೋಲು. ಒಂದು ಕಾಲಿಗೆ ಚಡ್ಡಿ ಬಿಚ್ಚದ್ದಕ್ಕೆ, ಇನ್ನೊಂದು ಕಾಲಿಗೆ ಬಳೆ ತೆಗೆಯದ್ದಕ್ಕೆ.

ಹೆತ್ತವರು ಮಕ್ಕಳನ್ನು ತಿದ್ದಲು ಹೊಡೆಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅದನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಬೇಕೇ?

ಆಗಸ್ಟ್ 6, ಬುಧವಾರ

ಮೈ ಇನ್ನೂ ಉರಿಯುತ್ತಿದೆ, ಕೋಪಕ್ಕೆ.

ಚೈತ್ರ ಕರಡು ನೋಡಲು ಬಂದಿತ್ತು. ಪುಟ ತೆಗೆದುಕೊಡಲು ಕೈ ಚಾಚಿದಾಗ ನನ್ನ ಕುಪ್ಪಸದ ತೋಳು ಮೇಲೆ ಸರಿಯಿತು. "ಏನಾಯ್ತು ಮೇಡಂ?" ಎಂದಿತು. ಬಸ್ಸಿನ ಕಂಬಿ ತಗುಲಿತು ಎಂದೆ.

"ಬಸ್ಸಿನ ಕಂಬೀಗೆ ಬೆರಳಿರುತ್ತಾ ಮೇಡಂ?"

ಮೆಲ್ಲಗೇ ಕೇಳಿದ್ದು. ಆದರೂ ಬೈಂಡಿಂಗಿನ ಮಾರಮ್ಮ ತಲೆಯೆತ್ತಿ ನೋಡಿದಳು. ನಾನು ಸೀದಾ ಚಿನ್ನಪ್ಪನವರ ಹತ್ತಿರ ಹೋಗಿ, ಈ ಪುಸ್ತಕ ನನ್ನಿಂದ ಆಗದು, ಬೇರೆಯವರಿಗೆ ಕೊಡಿ ಎಂದೆ. "ಬೇರೆ ಯಾರಿದಾರಮ್ಮ ಇಲ್ಲಿ?" ಎಂದರು. ಅದೂ ನಿಜ.

ಅಲ್ಲಿ ಬರೆದಿರುವ ಬದುಕಿಗೂ ನನ್ನ ಬದುಕಿಗೂ ಏನು ಸಂಬಂಧ? ನಮ್ಮ ಮನೆಯವರದು ಮುಂಗೋಪ, ಅಷ್ಟೇ. ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ನಡೆಸುವುದು ಸುಲಭವಲ್ಲ. ಗಿರಾಕಿಗಳ ಮುಂದೆ ನುಂಗಿಕೊಂಡದ್ದೆಲ್ಲ ಎಲ್ಲಿಯಾದರೂ ಹೊರಬರಬೇಕಲ್ಲ.

ಆಗಸ್ಟ್ 19, ಮಂಗಳವಾರ

ಆರನೆಯ ಅಧ್ಯಾಯ. ಒಂದೇ ಒಂದು ಕೆಂಪು ಗುರುತು ಹಾಕಲಾಗಲಿಲ್ಲ. ತಪ್ಪುಗಳಿಲ್ಲದೆ ಅಲ್ಲ.

ಮಗುವಿಗೆ ಹನ್ನೆರಡು, ಅಣ್ಣ ರವಿಕಿರಣನಿಗೆ ಹದಿನಾರು. ಶಾಲೆಯಲ್ಲಿ ಮೇಷ್ಟ್ರು ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ ಮಾಡಿಸಿದಾಗ ಮಗು ಎರಡರ ನಡುವೆ ನಿಂತಿತ್ತಂತೆ. ಅದು ಊರಿಗೆಲ್ಲ ನಗೆಯಾಯಿತು. ಆ ನಗೆಯನ್ನು ಅಣ್ಣ ಮನೆಗೆ ಹೊತ್ತುಕೊಂಡು ಬಂದ. ಕೊಟ್ಟಿಗೆಯ ಮುಂದೆ ದನಗಳಿಗೆ ನೀರಿಡುವ ಕಲ್ಲುತೊಟ್ಟಿ. ಮಗುವಿನ ಕತ್ತು ಹಿಡಿದು ತಲೆಯನ್ನು ತೊಟ್ಟಿಯೊಳಗೆ ಅದುಮಿದ. "ಹೇಳು, ಯಾವ್ದು ನೀನು?" ಮೇಲೆತ್ತಿದ. ಮಗು ಹೇಳಿತು: "ಚೈತ್ರ." ಮತ್ತೆ ಅದುಮಿದ. "ಹೆಸ್ರು ಕೇಳಿಲ್ಲ. ಯಾವ್ದು ನೀನು?" ಮೂಗಿನೊಳಗೆ ಹಿಂಡಿಯ ನೀರು, ಕಲ್ಲಿಗೆ ಬಡಿದು ಹಲ್ಲು ಮುರಿದಿದೆ, ತೊಟ್ಟಿಯ ನೀರು ಕೆಂಪಗಾಗಿದೆ. "ಚೈತ್ರ." ಹಸುಗಳು ಕುಡಿಯಲು ಬಂದು ಹಿಂದೆ ಸರಿದು ನಿಂತವಂತೆ.

ಕೊನೆಯ ಸಲ ತಲೆ ಮೇಲೆ ಬಂದಾಗ ಮಗುವಿಗೆ ಕಂಡದ್ದು ಬಾಗಿಲಲ್ಲಿ ನಿಂತ ಅಮ್ಮ. ಕೈಯಲ್ಲಿ ಮೊರ, ಮೊರದಲ್ಲಿ ರಾಗಿ. "ಅಮ್ಮ ಕೇರುವುದನ್ನು ನಿಲ್ಲಿಸಿದ್ದಳು, ಅಷ್ಟೇ" ಎಂದು ಬರೆದಿದ್ದಾರೆ.

ಊಟದ ಡಬ್ಬಿ ತೆರೆಯಲಿಲ್ಲ. ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು ಬಂತು. ಹದಿನಾರು ವರ್ಷದ ಹುಡುಗನ ರಟ್ಟೆ ಹಿಡಿದು ಎಳೆಯಲಾರದಷ್ಟು ನಿಶ್ಶಕ್ತಳೇ? ಕಣ್ಣೆದುರು ನಡೆಯುತ್ತಿದ್ದರೆ ನಾನಾಗಿದ್ದರೆ

ಬೇಡ. ಆ ವಾಕ್ಯ ಹಾಗೇ ಇರಲಿ.

ನಿನ್ನೆ ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದು ಮನೆಯವರು ತಟ್ಟೆ ಎಸೆದರು. ಅದರ ಅಂಚು ನನ್ನ ಹುಬ್ಬಿಗೆ ಬಡಿಯಿತು. ಹೊಲಿಗೆ ಬೇಕಾಗಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ರವಿಕಿರಣ್ ಬಂದಿದ್ದ. ಪುಸ್ತಕದೊಳಗಿನಿಂದ ಎದ್ದು ಬಂದವನ ಹಾಗೆ ಕಂಡ, ಆದರೆ ವಿನಯವಂತ. ಬಿಳಿ ಅಂಗಿ, ಕೈಯಲ್ಲಿ ಎರಡು ಮೊಬೈಲು. ಹೊಲಗಳೆಲ್ಲ ಸೈಟುಗಳಾದ ಮೇಲೆ ಬೆಳೆದ ಮನುಷ್ಯ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತಂತೆ. ಪುಸ್ತಕದಲ್ಲಿ ಏನೇನಿದೆ ಎಂಬುದು ಯಾರಿಂದಲೋ ಅವನ ಕಿವಿಗೆ ಬಿದ್ದಿದೆ.

"ಸಾರ್, ಇದು ಫ್ಯಾಮಿಲಿ ಮ್ಯಾಟರ್" ಎಂದ ಚಿನ್ನಪ್ಪನವರಿಗೆ. "ತಲಘಟ್ಟಪುರದಲ್ಲಿ ನಮ್ಮಪ್ಪನ ಹೆಸರಲ್ಲಿ ಕಲ್ಯಾಣ ಮಂಟಪ ಎದ್ದೇಳ್ತಾ ಇದೆ. ಕಾರ್ತೀಕದಲ್ಲಿ ಓಪನಿಂಗು. ಅದೇ ಟೈಮಿಗೆ ಇದು ಹೊರಗ್ ಬಂದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ? ಆ ಬರೆ ಎಳೆದಿದ್ದು, ತೊಟ್ಟೀದು, ಎರಡೂ ತೆಗೆದ್ಬಿಡಿ. ಮಿಕ್ಕಿದ್ದು ಏನ್ ಬೇಕಾದ್ರೂ ಹಾಕ್ಕೊಳ್ಲಿ. ಅದು ಬರೆದಿರೋದೆಲ್ಲ ಸುಳ್ಳು ಸಾರ್."

ಚಿನ್ನಪ್ಪನವರು ಗಡ್ಡ ಕೆರೆದುಕೊಳ್ಳುತ್ತಾ, "ನೋಡೋಣ, ಕೂತು ಮಾತಾಡಿದ್ರೆ..." ಎಂದರು.

"ಎಲ್ಲ ಸುಳ್ಳಾದರೆ ಅವೆರಡನ್ನೇ ಯಾಕೆ ತೆಗೀಬೇಕು?" ಎಂದು ಯಾರೋ ಕೇಳಿದರು. ನಾನೇ ಕೇಳಿದ್ದು.

ಅವನು ನನ್ನತ್ತ ಮೊದಲ ಸಲ ನೋಡಿದ. "ನೀವು ಯಾರು ಮೇಡಂ?"

"ಕರಡು ತಿದ್ದೋಳು. ಲೇಖಕರು ಹೇಳದೆ ಅವರ ಪುಸ್ತಕದಿಂದ ಒಂದು ಅಲ್ಪವಿರಾಮ ಕೂಡ ತೆಗೆಯೋ ಹಾಗಿಲ್ಲ."

ಇದು ನಮ್ಮ ಕೆಲಸದ ನಿಯಮ, ಅದಕ್ಕೇ ಹೇಳಿದೆ. ಅವನು ನಗುತ್ತಲೇ ಎದ್ದ. ಹೋಗುವಾಗ ಬಾಗಿಲ ಬಳಿ ಒಣಗಿಸಲು ಇಟ್ಟಿದ್ದ ರಟ್ಟಿನ ಕಟ್ಟನ್ನು ಕಾಲಲ್ಲಿ ಬೀಳಿಸಿ, "ಸಾರಿ" ಎಂದ.

ಸೆಪ್ಟೆಂಬರ್ 16, ಮಂಗಳವಾರ

ಹನ್ನೊಂದರ ಹೊತ್ತಿಗೆ ಒಬ್ಬ ಮುದುಕಿ ಆಟೋದಿಂದ ಇಳಿದರು. ದಪ್ಪ ಅಂಚಿನ ರೇಷ್ಮೆ ಸೀರೆ, ಕೊರಳಲ್ಲಿ ಚಿನ್ನ, ಬರಿಗಾಲು. ಚೈತ್ರ ಅವರ ತಾಯಿ, ಮುನಿವೆಂಕಟಮ್ಮ. ಮನೆಯಲ್ಲಿ ರವಿಕಿರಣ್ ಪುಸ್ತಕದ ಬಗ್ಗೆ ಫೋನಿನಲ್ಲಿ ಕೂಗಾಡುವುದು ಕಿವಿಗೆ ಬಿದ್ದು ಯಾರಿಗೂ ಹೇಳದೆ ಬಂದಿದ್ದಾರೆ.

"ನಂಗೆ ಓದಕ್ ಬರಾಕಿಲ್ಲ ಕಣವ್ವ. ಆ ತೊಟ್ಟಿದ್ ಒಂದ್ ಓದು."

ಕೂರಿಸಿ ಓದಿದೆ. ಅವರು ಅಲುಗಾಡಲಿಲ್ಲ. ಮುಗಿದ ಮೇಲೆ ಕೇಳಿದರು: "ನಾನ್ ನಿಂತಿದ್ದೆ ಅಂತ ಬರ್ದೈತಾ?"

"ಬರೆದಿದ್ದಾರೆ ಅಮ್ಮ. ಬೇಡ ಅನ್ನಿಸಿದರೆ ಚೈತ್ರ ಅವರನ್ನೇ ಕೇಳಿ..."

"ತೆಗೀಬ್ಯಾಡ. ನಿಂತಿದ್ದೆ. ಒಂದ್ ಹೆಜ್ಜೆ ಮುಂದಕ್ ಬಂದಿದ್ರೆ ಆಗ್ತಿತ್ತು. ಬರ್ಲಿಲ್ಲ."

"ಯಾಕೆ ಬರಲಿಲ್ಲ?" ಎಂದು ನಾನು ಸ್ವಲ್ಪ ಒರಟಾಗಿಯೇ ಕೇಳಿದೆ.

ಅವರು ನನ್ನ ಹುಬ್ಬಿನ ಮೇಲಿನ ಗುರುತನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. "ನಿಂಗೊತ್ತಿಲ್ವಾ ಮಗ್ಳೆ?" ಎಂದರು.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಹಂಗೇ ಅಚ್ಚಾಕ್ಸು. ನಮ್ ರವೀಗೆ ನಾನೇ ಹೇಳ್ತೀನಿ, ಬರ್ದಿರದೆಲ್ಲ ದಿಟ, ನಾನೇ ಕಂಡಿದೀನಿ ಅಂತ."

ಸೆಪ್ಟೆಂಬರ್ 18, ಗುರುವಾರ

ನಮ್ಮ ಮನೆಯವರು ಹೊಡೆದರು. ಕಾರಣ ಬರೆಯುವಷ್ಟು ದೊಡ್ಡದಲ್ಲ.

ಅಕ್ಟೋಬರ್ 9, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಚೈತ್ರ ಕಡೆಯ ಕರಡು ನೋಡುತ್ತಾ ನನ್ನ ಎದುರು ಕೂತಿದ್ದರು. ಆಯುಧಪೂಜೆಗೆ ನಂಬರ್ ಪ್ಲೇಟಿನ ಕೆಲಸ ತುಂಬ ಬಂದಿತ್ತೆಂದೂ, ಕಣ್ಣು ನೋಯುತ್ತಿದೆಯೆಂದೂ ಹೇಳುತ್ತಿದ್ದರು. ಮಾರಮ್ಮ ಪಂಪ್ ಸ್ಟೌವಿನ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಳು. ಚಿನ್ನಪ್ಪನವರು ಕಾಗದ ತರಲು ಹೋಗಿದ್ದರು.

ರವಿಕಿರಣ್ ಇಬ್ಬರನ್ನು ಕರೆದುಕೊಂಡು ಒಳಗೆ ಬಂದ. ಒಬ್ಬ ಷಟರನ್ನು ಅರ್ಧ ಎಳೆದ. ಇನ್ನೊಬ್ಬ ಕಂಪ್ಯೂಟರನ್ನು ಎತ್ತಿ ನೆಲಕ್ಕೆ ಹಾಕಿ ಕಬ್ಬಿಣದ ಸಲಾಕೆಯಿಂದ ಬಡಿದ. ಗಾಜು ನನ್ನ ಸೀರೆಯ ಮೇಲೆಲ್ಲ ಸಿಡಿಯಿತು.

"ನಮ್ಮಮ್ಮನ ತಲೆ ಕೆಡಿಸ್ತೀಯಾ?" ಎಂದು ರವಿಕಿರಣ್ ಚೈತ್ರ ಅವರ ಕೂದಲು ಹಿಡಿದು ಎಬ್ಬಿಸಿದ. "ಆಯುಧಪೂಜೆಗೆ ನೆಂಟ್ರೆಲ್ಲ ಸೇರಿರೋವಾಗ ಹೊಸ ಮಂಟಪದಲ್ಲಿ ನಿಂತ್ಕೊಂಡ್ ಹೇಳ್ತಾಳೆ, ಅದು ಬರ್ದಿದ್ದೆಲ್ಲ ದಿಟ ಅಂತ! ನನ್ ಮುಂದೆ ಬಾಯ್ ಬಿಡದೆ ಇದ್ದೋಳು!"

ಚೈತ್ರ ಮುಖವೆತ್ತಿ ನೋಡಿದರು. "ಅಮ್ಮ ಹೇಳಿದ್ರಾ?" ಎಂದರು. ಅಷ್ಟು ಹೊತ್ತಿನಲ್ಲೂ ಅವರ ಮುಖ ಅರಳಿತು. ಅದನ್ನು ಕಂಡೇ ಅವನಿಗೆ ಇನ್ನಷ್ಟು ರೇಗಿತು ಅನ್ನಿಸುತ್ತದೆ.

ಹೊಟ್ಟೆಗೆ ಒದ್ದ. ಅವರು ಬಗ್ಗಿದಾಗ ಬಲಗೈ ಹಿಡಿದು ಬೈಂಡಿಂಗ್ ಮೇಜಿನ ಮೇಲೆ ಅದುಮಿದ. ಪುಸ್ತಕದ ಬೆನ್ನು ಬಡಿಯುವ ಮರದ ಕೊಡತಿ ಅಲ್ಲೇ ಇತ್ತು. "ಇನ್ ಬರೀ ನೋಡೋಣ" ಎಂದು ಬೆರಳುಗಳ ಮೇಲೆ ಬಡಿದ. ಮೂಳೆ ಮುರಿಯುವ ಸದ್ದು ಹಸಿ ಕಡ್ಡಿ ಮುರಿದಂತೆ ಇರುತ್ತದೆ. ಮತ್ತೆ ಎತ್ತಿದ.

ಮಾರಮ್ಮ ಕಿರುಚುತ್ತಿದ್ದಳು. ನಾನು ಅಂಟಿನ ಪಾತ್ರೆಯನ್ನು ಇಕ್ಕಳದಿಂದ ಹಿಡಿದು ಎತ್ತಿದ್ದು ನೆನಪಿದೆ. ಕುದಿಯುತ್ತಿದ್ದುದನ್ನು ಅವನ ತೊಡೆಯ ಮೇಲೆ ಎರಚಿದ್ದೂ ನೆನಪಿದೆ. ಅವನು ಕೂಗಿದ ಕೂಗಿಗೆ ಎದುರಿನ ಅಂಗಡಿಯವರು ಷಟರ್ ಎತ್ತಿ ಒಳಗೆ ನುಗ್ಗಿದರು. ಜೊತೆಯವರು ಅವನನ್ನು ಕಾರಿಗೆ ಹಾಕಿಕೊಂಡು ಓಡಿದರು.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು ಕೇಳಿದ: "ಗಂಡಸ್ರ ವಾರ್ಡಾ, ಹೆಂಗಸ್ರ ವಾರ್ಡಾ ಹೇಳಮ್ಮ. ಎಲ್ಲಿಗ್ ತಳ್ಲಿ?" ಗಂಡಸರ ಕಡೆಯ ನರ್ಸು ಓಲೆ ನೋಡಿ ಇಲ್ಲಿ ಬೇಡ ಎಂದಳು. ಹೆಂಗಸರ ಕಡೆ ಯಾರೋ ಕೂಗೆಬ್ಬಿಸಿದರು. ಸ್ಟ್ರೆಚರನ್ನು ಕಕ್ಕಸಿನ ಪಕ್ಕದ ಗೋಡೆಯ ಬಳಿ ನಿಲ್ಲಿಸಿ ಅವನು ಹೊರಟೇಹೋದ. ರಕ್ತ ತೊಟ್ಟಿಕ್ಕುತ್ತಿತ್ತು. ಜೀವಮಾನದಲ್ಲಿ ನಾನು ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

"ಮುರಿದಿರೋದು ಬೆರಳು! ಬೆರಳಿಗೆ ಯಾವ ವಾರ್ಡು ಅಂತ ಹೇಳ್ರೀ!"

ಒಬ್ಬ ಎಳೆಯ ಡಾಕ್ಟರು ಓಡಿ ಬಂದು ಆ ಓಣಿಯಲ್ಲೇ ನಿಂತು ಕಟ್ಟು ಹಾಕಿದರು. ಚೈತ್ರ ಕಣ್ಣು ಮುಚ್ಚಿಕೊಂಡೇ, "ಮೇಡಂ, ಇದ್ನೂ ಸೇರಿಸ್ಬೇಕು" ಎಂದರು.

ಅಕ್ಟೋಬರ್ 27, ಸೋಮವಾರ

ಪುಸ್ತಕ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಇಷ್ಟು ದಿನ ಗಡ್ಡ ಕೆರೆಯುತ್ತಿದ್ದ ಚಿನ್ನಪ್ಪನವರು ಈಗ ಕೆಂಡವಾಗಿದ್ದಾರೆ. "ಆಯುಧಪೂಜೆ ಮಾಡಿ ಇಟ್ಟ ಕುಂಕುಮ ಇನ್ನೂ ಒಣಗಿರ್ಲಿಲ್ಲ, ಆ ಯಂತ್ರಾನ ಒಡೆದಿದ್ದಾನೆ. ಅಚ್ಚು ಹಾಕೇ ಹಾಕ್ತೀನಿ." ಪುಸ್ತಕದ ಪುಟಗಳನ್ನು ತುಂಬಿಟ್ಟ ಫ್ಲಾಪಿಗಳು ಬೇರೆ ಕಡೆ ಇದ್ದುದರಿಂದ ಉಳಿದುಕೊಂಡಿವೆ.

ಚೈತ್ರ ಆಸ್ಪತ್ರೆಯ ಓಣಿಯ ಬಗ್ಗೆ ಹೇಳಿದರು, ನಾನು ಬರೆದುಕೊಂಡೆ. ಅವರ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಎಡಗೈಯಲ್ಲಿ ಬ್ರಷ್ ಹಿಡಿದು ಅಭ್ಯಾಸ ಮಾಡುತ್ತಿದ್ದಾರೆ. ಕೆಎ ಎಂದು ಬರೆದರೆ ಹುಳ ಹರಿದ ಹಾಗೆ ಇದೆ ಎಂದು ತಾವೇ ನಕ್ಕರು.

ರವಿಕಿರಣ್ ಜಾಮೀನಿನ ಮೇಲೆ ಓಡಾಡುತ್ತಿದ್ದಾನೆ. ನನ್ನ ಮೇಲೆ ಎದುರು ದೂರು ಕೊಟ್ಟಿದ್ದಾನೆ, ಕುದಿಯುವ ಅಂಟು ಎರಚಿದಳೆಂದು. ಠಾಣೆಯಿಂದ ಹೇಳಿಕೆಗೆ ಕರೆ ಬರುತ್ತದಂತೆ. ಸುದ್ದಿ ಬನಶಂಕರಿಗೆ ತಲುಪಿದೆ. "ಗಂಡೂ ಅಲ್ಲದ, ಹೆಣ್ಣೂ ಅಲ್ಲದ ಜನಕ್ಕೋಸ್ಕರ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ" ಎಂದ ನನ್ನ ಗಂಡ ತಿರುಮಲೇಶ. ಮದುವೆಯಾಗಿ ಹದಿನೈದು ವರ್ಷ. ನನ್ನ ಕಾಲನ್ನು ಏನು ಮಾಡುವನೆಂದು ಮೊದಲೇ ತಿಳಿಸಿದ್ದು ಇದೇ ಮೊದಲು.

ನವೆಂಬರ್ 12, ಬುಧವಾರ

ಇವತ್ತು ಬೆಳಿಗ್ಗೆ ಠಾಣೆಗೆ ಹೋಗುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ತಿರುಮಲೇಶ ಹೊಡೆದ. ಮುಷ್ಟಿಯಿಂದ, ಎಡಗಣ್ಣಿನ ಕೆಳಗೆ. ಬಿದ್ದಾಗ ಬೆನ್ನಿಗೆ ಒದ್ದ. ಆಮೇಲೆ ಸ್ನಾನಕ್ಕೆ ಹೋದ. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಾ ನಾನು ಎದ್ದು, ಎರಡನೆಯ ಚಪ್ಪಲಿ ಹುಡುಕಿ ಹಾಕಿಕೊಂಡು, ಬಸ್ಸು ಹತ್ತಿದೆ.

ಚೈತ್ರ ಠಾಣೆಯ ಗೇಟಿನ ಹತ್ತಿರ ಕಾಯುತ್ತಿದ್ದರು. ನನ್ನ ಮುಖ ನೋಡಿ ಪಕ್ಕದ ಅಂಗಡಿಯಿಂದ ತಣ್ಣನೆಯ ನೀರಿನ ಪ್ಯಾಕೆಟ್ ತಂದುಕೊಟ್ಟರು. ಒತ್ತಿ ಹಿಡಿದುಕೊಂಡೇ ಒಳಗೆ ಹೋದೆ.

ಹೇಳಿಕೆ ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್ ನೀಲಕಂಠಪ್ಪ. ಕೆಟ್ಟವರೇನಲ್ಲ. ಷಟರ್, ಸಲಾಕೆ, ಕೊಡತಿ, ಬೆರಳು, ಎಲ್ಲ ಹೇಳಿದೆ. ಅಂಟು ಎರಚಿದ್ದನ್ನೂ ಹೇಳಿದೆ. ಅವರು ಪೆನ್ನು ನಿಲ್ಲಿಸಿ ನನ್ನ ಕಣ್ಣನ್ನು ನೋಡಿದರು.

"ಇದೂ ಅವ್ನೇ ತಾನೆ ಮೇಡಂ? ಕ್ರಾಸಲ್ಲಿ ಅಡ್ಡ ಹಾಕಿ ಬೆದರಿಸಿದ, ಹೊಡೆದ ಅಂತ ಹಾಕ್ಬಿಡ್ತೀನಿ. ಸಾಕ್ಷೀನ ಬೆದರಿಸಿದ್ರೆ ಜಾಮೀನು ಹಾರೋಗುತ್ತೆ. ನೀವು ಎರಚಿದ್ದಕ್ಕೂ ಸರಿಹೋಗುತ್ತೆ."

ಹೂಂ ಎಂದಿದ್ದರೆ ಆಗುತ್ತಿತ್ತು. ಚೈತ್ರ ಅವರಿಗೂ ಒಳ್ಳೆಯದು, ನನಗೂ. ಮನೆಗೂ ಹೋಗಬಹುದಿತ್ತು.

"ಅವನಲ್ಲ ಸಾರ್" ಎಂದೆ. "ಇದು ಹೊಡೆದದ್ದು ನನ್ನ ಗಂಡ. ತಿರುಮಲೇಶ. ಇವತ್ತು ಬೆಳಿಗ್ಗೆ."

ಅವರು ಮುಜುಗರದಿಂದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಅದು ಮನೆ ವಿಷಯ ಬಿಡಿ ಮೇಡಂ. ಈ ಕೇಸಿಗೂ ಅದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ಲ ಸಾರ್. ಅದಕ್ಕೇ ಬೇರೆ ಹಾಳೆ ತಗೊಳ್ಳಿ."

ತಗೊಳ್ಳಲಿಲ್ಲ. ನಾಳೆ ಬನ್ನಿ ಎಂದರು. ದೊಡ್ಡವರನ್ನು ಕೂರಿಸಿ ಮಾತಾಡಿ ಎಂದರು. ಊಟಕ್ಕೆ ಎದ್ದು ಹೋಗಿ ಬಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು ಹೊಸ ಹಾಳೆ ಎಳೆದುಕೊಂಡು, "ಯಾವತ್ತಿಂದ ಮೇಡಂ?" ಎಂದು ಕೇಳಿದರು. ಹೇಳತೊಡಗಿದೆ. ಮುಗಿಯುವ ಹೊತ್ತಿಗೆ ಸಂಜೆಯ ಬಿಸಿಲು ಕಿಟಕಿಗೆ ಬಂದಿತ್ತು.

ಮನೆಗೆ ಹೋಗಲಿಲ್ಲ. ಬಿಟಿಎಂನಲ್ಲಿ ಚೈತ್ರ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪೇಂಟಿನ ವಾಸನೆ, ಕೆಳಗೆ ಬೈಕುಗಳ ಗಲಾಟೆ. ಒಂದೇ ಚಾಪೆ, ಒಂದೇ ದಿಂಬು. ಮೆಟ್ಟಿಲಲ್ಲಿ ಮನೆ ಓನರ್ ಚೈತ್ರ ಅವರನ್ನು ತಡೆದು ನಿಲ್ಲಿಸಿ ಕೇಳುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ.

"ಯಾರದು ಮೇಲೆ? ಮುಖ ಎಲ್ಲ ಊದ್ಕೊಂಡಿದೆ. ಏನ್ ಗಲಾಟೆ?"

"ನಮ್ಮೋರು ಅಂಕಲ್" ಎಂದರು ಚೈತ್ರ. "ಇರ್ತಾರೆ."